ಕೊಲಂಬಿಯಾಗೆ ಹೋಗಬೇಕೇ? ಯಾವುದಕ್ಕೆ ಹೆದರಬೇಕು, ಹೇಗೆ ತಯಾರಾಗಬೇಕು

ಕೊಲಂಬಿಯಾಗೆ ಹೋಗುತ್ತೇನೆ ಅಂದರೆ ಸಾಕು, ಮನೆಯಲ್ಲಿ, ಆಫೀಸಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ಎಲ್ಲರದೂ ಒಂದೇ ಮಾತು. ಅಲ್ಲಿ ಡ್ರಗ್ಸ್ ಮಾಫಿಯಾ ಇದೆಯಲ್ವಾ? ಹೋಗೋದಕ್ಕೆ ಬೇರೆ ದೇಶ ಸಿಗಲಿಲ್ವಾ? ಪ್ರೀತಿಯಿಂದ ಕೇಳುವ ಪ್ರಶ್ನೆ, ತಪ್ಪೇನೂ ಇಲ್ಲ. ಆದರೆ ಇಂಥ ಭಯ ಪ್ರಯಾಣಿಕರಿಗೆ ಕೆಲಸಕ್ಕೆ ಬರುವುದಿಲ್ಲ. ಯಾವುದಕ್ಕೆ ಹೆದರಬೇಕು, ಎಲ್ಲಿ, ಎಷ್ಟು ಹೊತ್ತಿಗೆ ಅಂತ ಅದು ಹೇಳುವುದೇ ಇಲ್ಲ. ಬಾಂಬಿನ ಯೋಚನೆಯಲ್ಲೇ ಹೋದವರು ಫೋನ್ ಕಳಕೊಂಡು ಬರುತ್ತಾರೆ.

ಬೊಗೊಟಾ, ಮೆಡೆಯೀನ್, ಕಾಫಿ ಬೆಳೆಯುವ ಸಲೆಂಟೊ, ಇಷ್ಟನ್ನು ಓಡಾಡಿ ನೋಡಿದ ಮೇಲೆ ನನಗೆ ಖಚಿತವಾಗಿದ್ದು ಇಷ್ಟು. ಅಪಾಯ ಇಡೀ ದೇಶಕ್ಕೆ ಒಂದೇ ಸಮ ಹರಡಿಕೊಂಡಿರುವುದಿಲ್ಲ. ಬೀದಿಗೊಂದು ಥರ, ಗಂಟೆಗೊಂದು ಥರ ಇರುತ್ತದೆ. ಯಾವ ಅಪಾಯ ನಿಮ್ಮ ದಾರಿಗೆ ನಿಜಕ್ಕೂ ಬರಬಹುದು ಅಂತ ತಿಳಿದುಕೊಂಡು ಅದಕ್ಕೆ ಮಾತ್ರ ಸರಿಯಾಗಿ ತಯಾರಾದರೆ ಸಾಕು. ಕೊಲಂಬಿಯಾ ಇಟ್ಟುಕೊಂಡೇ ಬರೆದಿದ್ದೇನೆ, ಆದರೆ ಫೋನು, ದುಡ್ಡು, ಮನೆಯವರು ಇವುಗಳ ಬಗ್ಗೆ ಹೇಳಿದ್ದು ಹೆಸರು ಕೆಟ್ಟಿರುವ ಯಾವ ದೇಶಕ್ಕೆ ಹೊರಟರೂ ಬೇಕಾಗುತ್ತದೆ.

ಮೊದಲು ನಕ್ಷೆ ತೆಗೆಯಿರಿ, ಟಿಕೆಟ್ ಆಮೇಲೆ

1991ರಲ್ಲಿ ಮೆಡೆಯೀನ್ ನಗರದಲ್ಲಿ ಲಕ್ಷ ಜನರಿಗೆ ಸುಮಾರು 380 ಕೊಲೆ ಆಗಿತ್ತು. ಆಗ ಅದನ್ನು ಜಗತ್ತಿನ ಅತ್ಯಂತ ಅಪಾಯಕಾರಿ ನಗರ ಅನ್ನುತ್ತಿದ್ದರು. 2023ರಲ್ಲಿ ಅದೇ ಊರಿನ ಲೆಕ್ಕ ಲಕ್ಷಕ್ಕೆ 15ಕ್ಕಿಂತ ಕೆಳಗೆ ಇಳಿದಿತ್ತು. ನಮ್ಮ ತಲೆಯಲ್ಲಿ ಕೂತಿರುವುದು ಮಾತ್ರ ಇನ್ನೂ 1991ರ ಮೆಡೆಯೀನ್. ಹಾಗಂತ ಎಲ್ಲ ಸರಿಹೋಯಿತು ಅಂದುಕೊಳ್ಳುವಂತೆಯೂ ಇಲ್ಲ. 2016ರಲ್ಲಿ ಸರ್ಕಾರ ಫಾರ್ಕ್ ಬಂಡುಕೋರರ ಜೊತೆ ಶಾಂತಿ ಒಪ್ಪಂದ ಮಾಡಿಕೊಂಡಿತು, ಆದರೆ ಒಪ್ಪಂದ ಒಪ್ಪದ ಗುಂಪುಗಳೂ ಇಎಲ್‌ಎನ್ ಅನ್ನುವ ಇನ್ನೊಂದು ಗುಂಪೂ ಹಾಗೇ ಉಳಿದುಕೊಂಡವು. 2025ರ ಜನವರಿಯಲ್ಲಿ ವೆನೆಜುವೆಲಾ ಗಡಿಯ ಕಟಟುಂಬೊ ಭಾಗದಲ್ಲಿ ಇವರಿವರೇ ಹೊಡೆದಾಡಿಕೊಂಡು 50 ಸಾವಿರಕ್ಕೂ ಜಾಸ್ತಿ ಜನ ಮನೆಮಠ ಬಿಟ್ಟು ಓಡಬೇಕಾಯಿತು. ಅದೇ ತಿಂಗಳು ಬೊಗೊಟಾದಲ್ಲಿ ಜನ ಭಾನುವಾರ ಸೈಕಲ್ ಹೊಡೆಯುತ್ತಿದ್ದರು. ಎರಡೂ ಒಂದೇ ದೇಶ.

ಹಾಗಾಗಿ ಮೊದಲ ಕೆಲಸ, ಬ್ರಿಟನ್ ಸರ್ಕಾರದ ಪ್ರಯಾಣ ಸಲಹೆಯ ಪುಟ ತೆಗೆಯಿರಿ. ಅದರಲ್ಲಿ ದೇಶದ ನಕ್ಷೆ ಇರುತ್ತದೆ, ಯಾವ ಭಾಗಕ್ಕೆ ಹೋಗಲೇಬೇಡಿ, ಯಾವ ಭಾಗಕ್ಕೆ ಅಗತ್ಯವಿದ್ದರೆ ಮಾತ್ರ ಹೋಗಿ ಅಂತ ಬಣ್ಣ ಹಚ್ಚಿ ತೋರಿಸಿರುತ್ತಾರೆ. ಅಮೆರಿಕದವರು ಇಡೀ ದೇಶಕ್ಕೆ 1ರಿಂದ 4ರವರೆಗೆ ಒಂದು ಅಂಕೆ ಕೊಡುತ್ತಾರೆ, ಕೊಲಂಬಿಯಾ ಹಲವು ವರ್ಷ 3ರಲ್ಲೇ ಇತ್ತು. ಆ ಅಂಕೆಯೊಂದನ್ನೇ ನೋಡಿದರೆ ಏನೂ ತಿಳಿಯುವುದಿಲ್ಲ, ಅದರ ಕೆಳಗೆ ಜಿಲ್ಲಾವಾರು ಬರೆದಿರುವುದನ್ನು ಓದಬೇಕು. ನಮ್ಮ ವಿದೇಶಾಂಗ ಸಚಿವಾಲಯ ಸಾಮಾನ್ಯವಾಗಿ ದೊಡ್ಡ ಗಲಾಟೆ ಆದಾಗ ಸೂಚನೆ ಹೊರಡಿಸುತ್ತದೆ, ಅದನ್ನೂ ನೋಡಿ.

ನೋಡಿದ ಮೇಲೆ ನಿಮ್ಮ ದಾರಿಯನ್ನು ಅದೇ ನಕ್ಷೆಯ ಮೇಲೆ ಇಟ್ಟು ನೋಡಿ. ಕೌಕಾ ಪ್ರಾಂತ್ಯದ ಹಳ್ಳಿಗಾಡು, ವೆನೆಜುವೆಲಾ ಗಡಿ, ಪನಾಮಾ ಕಡೆಯ ಡೇರಿಯನ್ ಕಾಡು, ಇವು ಪಟ್ಟಿಯಲ್ಲಿ ಇದ್ದರೆ ತೆಗೆದುಹಾಕಿ, ಇದರಲ್ಲಿ ಚೌಕಾಸಿ ಬೇಡ. ಬೊಗೊಟಾ, ಮೆಡೆಯೀನ್, ಕಾರ್ತಹೇನಾ, ಕಾಫಿ ಸೀಮೆ ಉಳಿಯುತ್ತವೆ. ಮೊದಲ ಸಲಕ್ಕೆ ಅಷ್ಟು ಧಾರಾಳವಾಯಿತು.

ಈ ಊರುಗಳಲ್ಲಿ ನಿಮ್ಮ ದಾರಿಗೆ ಬರಬಹುದಾದ್ದು ಹೆಚ್ಚಾಗಿ ಮೂರು ನಾಲ್ಕು ಬಗೆ. ಫೋನ್ ಕಿತ್ತುಕೊಳ್ಳುವುದು, ಚಾಕು ತೋರಿಸಿ ಸುಲಿಗೆ, ಟ್ಯಾಕ್ಸಿಯಲ್ಲಿ ಕೂರಿಸಿಕೊಂಡು ಎಟಿಎಂ ಎಟಿಎಂ ಸುತ್ತಿಸುವುದು, ಕುಡಿಯುವುದರಲ್ಲಿ ಮತ್ತಿನ ಪುಡಿ ಬೆರೆಸುವುದು. ಮುಂದೆ ಹೇಳುವುದೆಲ್ಲ ಇವುಗಳ ಸುತ್ತಲೇ.

ಲಸಿಕೆ, ವೀಸಾ, ವಿಮೆ

ಲಸಿಕೆಯ ವಿಷಯ ನಮ್ಮವರಿಗೆ ಟ್ರಾವೆಲ್ ಏಜೆಂಟರೂ ಸರಿಯಾಗಿ ಹೇಳುವುದಿಲ್ಲ. ಕೊಲಂಬಿಯಾ ಹಳದಿ ಜ್ವರ ಇರುವ ದೇಶಗಳ ಪಟ್ಟಿಯಲ್ಲಿದೆ. 2025ರ ಏಪ್ರಿಲ್‌ನಲ್ಲಿ ತೊಲಿಮಾ ಪ್ರಾಂತ್ಯದಲ್ಲಿ ಜ್ವರ ಹಬ್ಬಿ ಅಲ್ಲಿನ ಸರ್ಕಾರ ಆರೋಗ್ಯ ತುರ್ತು ಸ್ಥಿತಿಯನ್ನೇ ಘೋಷಿಸಿತ್ತು. ಲಸಿಕೆ ಹಾಕಿಸಿಕೊಂಡ ಹಳದಿ ಪುಸ್ತಕ ಇಲ್ಲದೆ ಅಲ್ಲಿಂದ ವಾಪಸ್ ಬಂದರೆ ನಮ್ಮ ವಿಮಾನ ನಿಲ್ದಾಣದಲ್ಲೇ ಹಿಡಿದು 6 ದಿನದವರೆಗೆ ಪ್ರತ್ಯೇಕವಾಗಿ ಇಡಬಹುದು. ಮನೆ ಇನ್ನು ಒಂದು ಗಂಟೆ ದೂರ ಅನ್ನುವಾಗ ಇದು ಬೇಕಾ?

ಲಸಿಕೆ ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಸಿಗುತ್ತದೆ, ಅದೂ ವಾರದ ಕೆಲವೇ ದಿನ, ಮೊದಲೇ ಹೆಸರು ಬರೆಸಿರಬೇಕು. ಚುಚ್ಚಿಸಿಕೊಂಡ 10 ದಿನದ ಮೇಲಷ್ಟೇ ಪ್ರಮಾಣಪತ್ರಕ್ಕೆ ಬೆಲೆ. ಒಮ್ಮೆ ಹಾಕಿಸಿಕೊಂಡರೆ ಆಯುಷ್ಯಪೂರ್ತಿ ನಡೆಯುತ್ತದೆ. ಹೊರಡುವ ಒಂದೂವರೆ ತಿಂಗಳ ಮುಂಚೆಯೇ ಇದನ್ನು ಮುಗಿಸಿಬಿಡಿ. ಅರವತ್ತು ದಾಟಿದವರು, ಗರ್ಭಿಣಿಯರು, ಮೊಟ್ಟೆ ಅಲರ್ಜಿ ಇರುವವರು ಮೊದಲು ತಮ್ಮ ಡಾಕ್ಟರ್ ಹತ್ತಿರ ಮಾತಾಡಬೇಕು.

ವೀಸಾ ಸುಲಭ. ಕನಿಷ್ಠ 180 ದಿನ ಬಾಕಿ ಇರುವ ಅಮೆರಿಕ ಅಥವಾ ಯುರೋಪಿನ ಷೆಂಗೆನ್ ವೀಸಾ ನಿಮ್ಮ ಪಾಸ್‌ಪೋರ್ಟಿನಲ್ಲಿದ್ದರೆ ಕೊಲಂಬಿಯಾ ವೀಸಾ ಬೇಡ ಅನ್ನುವುದು ನಾನು ಹೋದಾಗಿನ ನಿಯಮ. ಅದಿಲ್ಲದವರು ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. ನಿಯಮ ಬದಲಾಗುತ್ತಿರುತ್ತದೆ, ಟಿಕೆಟ್‌ಗೆ ದುಡ್ಡು ಕಟ್ಟುವ ಮೊದಲು ಅವರ ವಿದೇಶಾಂಗ ಇಲಾಖೆಯ ಪುಟದಲ್ಲಿ ಒಮ್ಮೆ ನೋಡಿಕೊಳ್ಳಿ. ಇದರ ಜೊತೆಗೆ ಚೆಕ್-ಮಿಗ್ ಅಂತ ಒಂದು ಫಾರ್ಮ್ ಇದೆ, ವಿಮಾನ ಹತ್ತುವ 72 ಗಂಟೆಯ ಒಳಗೆ ಆನ್‌ಲೈನ್‌ನಲ್ಲಿ ತುಂಬಬೇಕು. ಅದು ಪುಕ್ಕಟೆ. ದುಡ್ಡು ಕೇಳುವ ಪುಟ ತೆರೆದುಕೊಂಡರೆ ಅದು ಅಸಲಿ ಅಲ್ಲ, ಮುಚ್ಚಿ.

ವಿಮೆ ತಗೊಳ್ಳುವಾಗ ಬೆಲೆ ನೋಡುವುದಕ್ಕಿಂತ "ಇವಕ್ಕೆ ಪರಿಹಾರ ಇಲ್ಲ" ಅನ್ನುವ ಪಟ್ಟಿ ಓದಿ. ಬಹಳಷ್ಟು ಪಾಲಿಸಿಗಳಲ್ಲಿ ಯುದ್ಧ, ದಂಗೆ, ಕುಡಿದಾಗ ಆದ ಪೆಟ್ಟು, ಇವು ಹೊರಗಿರುತ್ತವೆ. ಸರ್ಕಾರ ಹೋಗಬೇಡಿ ಅಂದ ಜಾಗಕ್ಕೆ ಹೋದರೂ ಕೈ ಎತ್ತುವ ಪಾಲಿಸಿಗಳಿವೆ. ಕಳ್ಳತನಕ್ಕೆ ಪೊಲೀಸ್ ದೂರಿನ ಪ್ರತಿ ಕೇಳುತ್ತಾರೆ, ಅದಕ್ಕೆ ಗಡುವು ಎಷ್ಟು ಅಂತಲೂ ನೋಡಿಟ್ಟುಕೊಳ್ಳಿ.

ಫೋನು ಮತ್ತು ದುಡ್ಡು: ಇಲ್ಲಿ ಒಂದು ಇಡೀ ಸಂಜೆ ಕೂತು ಕೆಲಸ ಮಾಡಿ

ನನ್ನ ಪ್ರಕಾರ ಇಡೀ ತಯಾರಿಯಲ್ಲಿ ಇದಕ್ಕಿಂತ ಮುಖ್ಯವಾದ್ದು ಇಲ್ಲ. ಫೋನ್ ಹೋದರೆ ಒಂದು ವಸ್ತು ಹೋಯಿತು ಅಂತ ಸುಮ್ಮನಿರಬಹುದಾಗಿದ್ದ ಕಾಲ ಮುಗಿಯಿತು. ನಮ್ಮ ಬ್ಯಾಂಕು ಓಟಿಪಿ ಕಳಿಸುವುದು ಅದೇ ಸಿಮ್‌ಗೆ, ಕಾರ್ಡ್ ಬ್ಲಾಕ್ ಮಾಡುವ ಆಪ್ ಇರುವುದು ಅದರಲ್ಲೇ, ಟಿಕೆಟ್ ಇರುವುದು ಅದರಲ್ಲೇ, ಮನೆಯವರ ನಂಬರು ನೆನಪಿರುವುದು ಅದಕ್ಕೆ ಮಾತ್ರ. ಭಾರತದ ಸಿಮ್ ಕಳೆದರೆ ಇನ್ನೊಂದು ಸಿಗುವುದು ಭಾರತದಲ್ಲೇ. ಹದಿನಾರು ಸಾವಿರ ಕಿಲೋಮೀಟರ್ ದೂರದಲ್ಲಿ ಕೂತು ನೀವು ನಿಮ್ಮದೇ ದುಡ್ಡು ಮುಟ್ಟಲಾರದವರಾಗುತ್ತೀರಿ.

ಅದಕ್ಕೆ ಹೀಗೆ ಮಾಡಿ. ಮನೆಯಲ್ಲಿ ಡ್ರಾಯರ್‌ನಲ್ಲಿ ಬಿದ್ದಿರುವ ಹಳೇ ಫೋನ್ ಒಂದನ್ನು ಚಾರ್ಜ್ ಮಾಡಿ ತಗೊಳ್ಳಿ. ಭಾರತದ ಸಿಮ್ ಮತ್ತು ಬ್ಯಾಂಕ್ ಆಪ್‌ಗಳು ಅದರಲ್ಲಿರಲಿ, ರೋಮಿಂಗ್ ಆನ್ ಮಾಡಿಸಿ ಎಸ್‌ಎಂಎಸ್ ಬರುವಂತೆ ನೋಡಿಕೊಳ್ಳಿ. ಆ ಫೋನ್ ರೂಮಿನ ಲಾಕರ್ ಬಿಟ್ಟು ಬೀದಿಗೆ ಬರಬಾರದು. ಕೈಯಲ್ಲಿ ಹಿಡಿದು ಓಡಾಡುವ ಫೋನ್‌ನಲ್ಲಿ ಅಲ್ಲಿನ ಸಿಮ್ ಅಥವಾ ಇ-ಸಿಮ್, ನಕ್ಷೆ, ಭಾಷಾಂತರದ ಆಪ್, ಕ್ಯಾಬ್ ಆಪ್, ಅಷ್ಟೇ. ಅದರಿಂದ ಬ್ಯಾಂಕ್ ಆಪ್ ತೆಗೆದುಹಾಕಿ, ಯುಪಿಐ ಹೇಗೂ ಅಲ್ಲಿ ನಡೆಯುವುದಿಲ್ಲ. ಎರಡೂ ಸಿಮ್‌ಗಳಿಗೆ ಪಿನ್ ಹಾಕಿ. ಇಲ್ಲದಿದ್ದರೆ ಕದ್ದವನು ಸಿಮ್ ತೆಗೆದು ಇನ್ನೊಂದು ಫೋನಿಗೆ ಹಾಕಿ ನಿಮ್ಮ ಓಟಿಪಿ ಓದುತ್ತಾನೆ, ಫೋನ್ ಲಾಕ್ ಇದ್ದು ಏನೂ ಪ್ರಯೋಜನವಿಲ್ಲ.

ಆಮೇಲೆ ಒಂದು ಬಿಳಿ ಹಾಳೆ ತಗೊಳ್ಳಿ. ಮನೆಯ ಎರಡು ನಂಬರ್, ಬ್ಯಾಂಕಿನವರು ವಿದೇಶದಿಂದ ಕರೆಯಲು ಕೊಟ್ಟಿರುವ ನಂಬರ್, ವಿಮೆಯ ನಂಬರ್, ಉಳಿದುಕೊಳ್ಳುವ ಹೋಟೆಲ್‌ಗಳ ನಂಬರ್, ಬೊಗೊಟಾದಲ್ಲಿರುವ ಭಾರತೀಯ ರಾಯಭಾರ ಕಚೇರಿಯ ವಿಳಾಸ ಮತ್ತು ತುರ್ತು ನಂಬರ್, ಇಮೇಲ್ ಖಾತೆಗೆ ಗೂಗಲ್ ಕೊಡುವ ಬ್ಯಾಕಪ್ ಕೋಡ್, ಇಷ್ಟನ್ನು ಪೆನ್ನಿನಲ್ಲಿ ಬರೆದು ಎರಡು ಪ್ರತಿ ಮಾಡಿ. ಒಂದು ದೊಡ್ಡ ಬ್ಯಾಗಿನ ತಳದಲ್ಲಿ, ಒಂದು ಮನೆಯಲ್ಲಿ. ಇಷ್ಟು ದೊಡ್ಡ ಕೆಲಸ ಮಾಡುವ ಹಾಳೆಗೆ ಖರ್ಚು ಎರಡು ರೂಪಾಯಿ.

ಕಾರ್ಡ್ ಎರಡು ಇರಲಿ, ಬೇರೆ ಬೇರೆ ಬ್ಯಾಂಕಿನದು, ಬೇರೆ ಬೇರೆ ಜಾಗದಲ್ಲಿ ಇಟ್ಟಿರಬೇಕು. ಹೊರಡುವ ಮುಂಚೆ ವಿದೇಶಿ ಬಳಕೆ ಆನ್ ಮಾಡಿ, ದಿನದ ಮಿತಿ ತೀರಾ ಕಡಿಮೆ ಇಡಿ. ಮಿತಿ ಕಡಿಮೆ ಇದ್ದರೆ ಯಾರಾದರೂ ಬಲವಂತವಾಗಿ ಎಟಿಎಂಗೆ ಎಳೆದುಕೊಂಡು ಹೋದರೂ ಹೋಗುವುದು ಅಷ್ಟೇ. ದುಡ್ಡು ತೆಗೆಯುವುದು ಮಾಲ್ ಒಳಗೆ ಅಥವಾ ಬ್ಯಾಂಕ್ ಒಳಗೆ, ಹಗಲಲ್ಲಿ. ಒಂದು ಲಕ್ಷ ಪೆಸೊ ಅಂದರೆ ನಮ್ಮ ಎರಡು ಸಾವಿರ ಚಿಲ್ಲರೆ ರೂಪಾಯಿ, ನೋಟಿನ ಮೇಲಿನ ಸೊನ್ನೆ ನೋಡಿ ಗಾಬರಿಯಾಗಬೇಡಿ, ಆದರೆ ಸೊನ್ನೆ ಎಣಿಸಿ ಕೊಡಿ. ಅಂಗಡಿಯಲ್ಲಿ ಕಾರ್ಡ್ ಕೊಟ್ಟಾಗ ಎಷ್ಟು ಕಂತು ಅಂತ ಕೇಳುತ್ತಾರೆ, "ಉನಾ" ಅಂದರೆ ಒಂದೇ ಕಂತು ಅಂತ. ಡಾಲರ್‌ನಲ್ಲಿ ಕೊಡುತ್ತೀರಾ ಪೆಸೊದಲ್ಲಾ ಅಂತ ಮಷೀನ್ ಕೇಳಿದರೆ ಪೆಸೊ ಒತ್ತಿ.

ಇನ್ನು ಜೇಬು. ಒಂದು ಸಣ್ಣ ಪರ್ಸಿನಲ್ಲಿ ಆ ದಿನದ ಖರ್ಚಿಗೆ ಬೇಕಾದಷ್ಟು ಪೆಸೊ, ಅವಧಿ ಮುಗಿದ ಒಂದು ಕಾರ್ಡ್ ಇಡಿ. ಕೇಳಿದವರಿಗೆ ಕೊಡುವ ಪರ್ಸ್ ಇದು. ಅಸಲಿ ಕಾರ್ಡ್ ಒಳಗೆ ಬೇರೆ ಕಡೆ ಇರುತ್ತದೆ. ಪಾಸ್‌ಪೋರ್ಟ್ ರೂಮಿನಲ್ಲಿರಲಿ, ಜೆರಾಕ್ಸ್ ಜೇಬಿನಲ್ಲಿರಲಿ. ಕೈಗೆ ಚಿನ್ನದ ಉಂಗುರ, ಕೊರಳಿಗೆ ಸರ, ಮಾಂಗಲ್ಯ, ಇವನ್ನು ತೆಗೆಯುವುದಕ್ಕೆ ನಮ್ಮ ಹೆಣ್ಣುಮಕ್ಕಳಿಗೆ ಮನಸ್ಸು ಒಪ್ಪುವುದಿಲ್ಲ ಅಂತ ಗೊತ್ತು. ಆದರೂ ಹೇಳುತ್ತೇನೆ, ಬಿಟ್ಟು ಬನ್ನಿ, ಕರಿಮಣಿಯ ಸಾದಾ ಸರ ಹಾಕಿಕೊಳ್ಳಿ.

ಮನೆಯವರ ಜೊತೆ ಒಂದು ಕರಾರು

ಕೊಲಂಬಿಯಾ ನಮಗಿಂತ ಹತ್ತೂವರೆ ಗಂಟೆ ಹಿಂದೆ. ಅಲ್ಲಿ ರಾತ್ರಿ 8 ಆದರೆ ಇಲ್ಲಿ ಬೆಳಗ್ಗೆ ಆರೂವರೆ, ನಮ್ಮಮ್ಮ ಡಿಕಾಕ್ಷನ್ ಇಳಿಯುವುದನ್ನು ಕಾಯುತ್ತಾ ನಿಂತಿರುವ ಹೊತ್ತು. ನಮ್ಮ ಕರಾರು ಅದೇ ಸಮಯಕ್ಕೆ. ಅಲ್ಲಿ 8ಕ್ಕೆ ನಾನು ರೂಮಿಗೆ ಬಂದೆ ಅಂತ ಒಂದು ಸಾಲು ಬರೆಯಬೇಕು, ನಾಳೆ ಎಲ್ಲಿಗೆ ಹೋಗುತ್ತೇನೆ ಅಂತ ಇನ್ನೊಂದು ಸಾಲು. ಇದರಿಂದ ದಿನವೆಲ್ಲ ಎಲ್ಲಿದ್ದೀಯ ಎಲ್ಲಿದ್ದೀಯ ಅಂತ ಕೇಳುವುದು ನಿಲ್ಲುತ್ತದೆ, ಬೀದಿಯಲ್ಲಿ ಫೋನ್ ತೆಗೆಯುವ ಪ್ರಸಂಗವೂ ಬರುವುದಿಲ್ಲ.

ಇದರ ಇನ್ನೊಂದು ಅರ್ಧವನ್ನು ಜನ ಮರೆಯುತ್ತಾರೆ. ಮೆಸೇಜ್ ಬರದಿದ್ದರೆ ಮನೆಯವರು ಏನು ಮಾಡಬೇಕು? ಇದನ್ನು ಕೂತು ಮಾತಾಡಿ ಬರೆದಿಡಿ. ನಾಲ್ಕು ಗಂಟೆ ಕಾಯಿರಿ, ನೆಟ್ ಇಲ್ಲದಿರಬಹುದು. ಆಮೇಲೆ ಹೋಟೆಲ್‌ಗೆ ಫೋನ್ ಮಾಡಿ, ನಂಬರ್ ಹಾಳೆಯಲ್ಲಿದೆ. ಹನ್ನೆರಡು ಗಂಟೆ ದಾಟಿದರೆ ರಾಯಭಾರ ಕಚೇರಿಯ ತುರ್ತು ನಂಬರ್, ಜೊತೆಗೆ ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್‌ನಲ್ಲಿ ದೂರು. ಮಗ ಆಸ್ಪತ್ರೆಯಲ್ಲಿದ್ದಾನೆ, ದುಡ್ಡು ಕಳಿಸಿ ಅಂತ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ಕೇಳಲು ಒಂದು ಪ್ರಶ್ನೆಯನ್ನೂ ಗೊತ್ತು ಮಾಡಿಕೊಳ್ಳಿ, ಮನೆಯವರಿಗೆ ಮಾತ್ರ ಉತ್ತರ ಗೊತ್ತಿರುವಂಥದ್ದು. ಹೀಗೆಲ್ಲ ಹೇಳಿದರೆ ಅಮ್ಮ ಜಾಸ್ತಿ ಹೆದರುತ್ತಾರೆ ಅಂತ ಅನ್ನಿಸಬಹುದು. ನಮ್ಮ ಮನೆಯಲ್ಲಿ ಉಲ್ಟಾ ಆಯಿತು. ಮಾಡುವುದಕ್ಕೆ ಒಂದು ಕೆಲಸ ಇದೆ ಅಂತಾದ ಮೇಲೆ ಅಮ್ಮ ನಿರಾಳವಾದರು, ಆ ಹಾಳೆಯನ್ನು ಫ್ರಿಜ್‌ಗೆ ಅಂಟಿಸಿಕೊಂಡರು.

ಇಳಿದ ದಿನ

ವಿಮಾನ ಹಗಲಲ್ಲಿ ಇಳಿಯುವಂಥದ್ದನ್ನೇ ಹಿಡಿಯಿರಿ, ಐದಾರು ಸಾವಿರ ಜಾಸ್ತಿಯಾದರೂ ಪರವಾಗಿಲ್ಲ. ಬೆಂಗಳೂರಿನಿಂದ ಇಸ್ತಾಂಬುಲ್ ಅಥವಾ ಯುರೋಪಿನ ಯಾವುದಾದರೂ ಊರಿನ ಮೇಲೆ ಹೋಗಬೇಕು, ಎರಡು ದಿನದ ಸುಸ್ತು ಇರುತ್ತದೆ. ಸುಸ್ತಾದವನ ಲಕ್ಷ್ಯ ಅರ್ಧಕ್ಕಿಳಿದಿರುತ್ತದೆ, ರಾತ್ರಿ ಹೊತ್ತು ಅದರ ಜೊತೆ ಹೊಸ ಊರೂ ಬೇಡ.

ಇಮಿಗ್ರೇಷನ್‌ನಲ್ಲಿ ಭಾರತದ ಪಾಸ್‌ಪೋರ್ಟ್‌ಗೆ ಪ್ರಶ್ನೆ ಜಾಸ್ತಿ. ಕಾರಣ ಇದೆ. ಅಮೆರಿಕಕ್ಕೆ ಕಳ್ಳದಾರಿಯಲ್ಲಿ ಹೋಗುವವರು ಕೊಲಂಬಿಯಾದಿಂದ ಡೇರಿಯನ್ ಕಾಡು ದಾಟಿ ಪನಾಮಾ ಸೇರುತ್ತಿದ್ದರು, ಅವರಲ್ಲಿ ನಮ್ಮ ದೇಶದವರೂ ಇದ್ದರು. ಹಾಗಾಗಿ ವಾಪಸ್ ಟಿಕೆಟ್, ಹೋಟೆಲ್ ಬುಕಿಂಗ್, ಬ್ಯಾಂಕ್ ಸ್ಟೇಟ್‌ಮೆಂಟ್, ಕೆಲಸದ ಪತ್ರ, ಲಸಿಕೆ ಪುಸ್ತಕ, ಎಲ್ಲ ಕಾಗದದಲ್ಲೇ ಕೈಯಲ್ಲಿರಲಿ. ಸಿಟ್ಟು ಮಾಡಿಕೊಳ್ಳಬೇಡಿ. ಕೇಳಿದ್ದಕ್ಕೆ ಕಾಗದ ತೋರಿಸಿ, ಅಷ್ಟೇ.

ಹೊರಗೆ ಬಂದ ಕೂಡಲೇ "ಟ್ಯಾಕ್ಸಿ, ಟ್ಯಾಕ್ಸಿ" ಅಂತ ಹತ್ತಿರ ಬರುವವರ ಜೊತೆ ಹೋಗಬೇಡಿ. ನಿಲ್ದಾಣದ ಅಧಿಕೃತ ಟ್ಯಾಕ್ಸಿ ಸಾಲು ಇದೆ, ಅಲ್ಲಿ ನಿಲ್ಲಿ, ಇಲ್ಲವೇ ಆಪ್‌ನಲ್ಲಿ ಕರೆಯಿರಿ. ಊರೊಳಗೂ ಬೀದಿಯಲ್ಲಿ ಕೈ ತೋರಿಸಿ ಟ್ಯಾಕ್ಸಿ ನಿಲ್ಲಿಸುವ ನಮ್ಮ ಅಭ್ಯಾಸ ಬಿಡಬೇಕು. ಬೊಗೊಟಾದಲ್ಲಿ ಹಾಗೆ ಹತ್ತಿದ ಟ್ಯಾಕ್ಸಿಗೆ ದಾರಿಯಲ್ಲಿ ಇನ್ನಿಬ್ಬರು ಹತ್ತಿಕೊಂಡು ಎಟಿಎಂ ಸುತ್ತಿಸುವ ದಂಧೆ ಹಳೆಯದು. ಆಪ್‌ನಲ್ಲಿ ಬಂದ ಕಾರಿನ ನಂಬರ್ ನೋಡಿ ಹತ್ತಿ. ಊಬರ್ ಡ್ರೈವರ್ ಮುಂದಿನ ಸೀಟಿನಲ್ಲಿ ಕೂರಿ ಅಂದರೆ ಅನುಮಾನ ಬೇಡ. ಆ ಸೇವೆಗೆ ಅಲ್ಲಿ ಕಾನೂನಿನ ತಕರಾರು ಇದೆ, ಪೊಲೀಸರಿಗೆ ಸ್ನೇಹಿತರಂತೆ ಕಾಣಲಿ ಅಂತ ಹಾಗೆ ಕೇಳುತ್ತಾರೆ.

ಬೊಗೊಟಾ ಇರುವುದು 2,600 ಮೀಟರ್ ಎತ್ತರದಲ್ಲಿ, ಮುಳ್ಳಯ್ಯನಗಿರಿಗಿಂತ ಎತ್ತರ. ಮೊದಲ ದಿನ ತಲೆ ಭಾರ, ಮೆಟ್ಟಿಲು ಹತ್ತಿದರೆ ಏದುಸಿರು. ನೀರು ಕುಡಿದು ಮಲಗಿ. ಅಲ್ಲಿ ನಲ್ಲಿ ನೀರೇ ಕುಡಿಯಬಹುದು. ರಾತ್ರಿ ಚಳಿ, ಸ್ವೆಟರ್ ಬೇಕು.

ಬೀದಿಯಲ್ಲಿ

ಬೊಗೊಟಾದ ಏಳನೇ ರಸ್ತೆಯಲ್ಲಿ, ಮಧ್ಯಾಹ್ನ, ಜನ ತುಂಬಿರುವಾಗ, ಬಂಗಾರದ ಮ್ಯೂಸಿಯಂ ಎತ್ತ ಅಂತ ನೋಡಲು ನಾನು ಫೋನ್ ತೆಗೆದೆ. ಪಕ್ಕದಲ್ಲಿ ಮೆಕ್ಕೆಜೋಳದ ರೊಟ್ಟಿ ಸುಡುತ್ತಿದ್ದ ಅಜ್ಜಿ ಇಕ್ಕುಳ ಕೆಳಗಿಟ್ಟರು. ಎಣ್ಣೆ ಕೈಯಲ್ಲೇ ನನ್ನ ಮಣಿಕಟ್ಟು ಹಿಡಿದು ಫೋನನ್ನು ನನ್ನ ಹೊಟ್ಟೆಗೆ ಒತ್ತಿದರು. ಆಮೇಲೆ ರಸ್ತೆ ಅಂಚಿನಲ್ಲಿ ನಿಧಾನಕ್ಕೆ ಬರುತ್ತಿದ್ದ ಬೈಕಿನ ಕಡೆ ಗಲ್ಲ ಎತ್ತಿ ತೋರಿಸಿದರು. ಇಬ್ಬರು ಕೂತಿದ್ದರು, ಹಿಂದಿನವನ ಒಂದು ಕೈ ಖಾಲಿ. ಬೈಕ್ ದಾಟಿ ಹೋದ ಮೇಲೆ ಅಜ್ಜಿ ಕೈ ಬಿಟ್ಟು ಮ್ಯೂಸಿಯಂ ದಾರಿ ತೋರಿಸಿದರು, ರೊಟ್ಟಿ ತಿರುಗಿಸಿ ಹಾಕಿದರು. ನಾನು ಅವರ ಹತ್ತಿರ ಎರಡು ರೊಟ್ಟಿ ತಗೊಂಡೆ. ಆ ಊರಿನ ಜನ ಕೆಟ್ಟವರು ಅಂತ ಯಾರಾದರೂ ಹೇಳಿದರೆ ನನಗೆ ಆ ಕೈ ನೆನಪಾಗುತ್ತದೆ.

ಆದ್ದರಿಂದ ದಾರಿ ನೋಡಬೇಕಾದರೆ ಅಂಗಡಿ ಒಳಗೆ ಹೋಗಿ, ಗೋಡೆಗೆ ಬೆನ್ನು ಕೊಟ್ಟು ನಿಂತು ನೋಡಿ. ಹೊರಡುವ ಮೊದಲೇ ತಿರುವುಗಳನ್ನು ನೆನಪಿಟ್ಟುಕೊಳ್ಳುವುದು ಇನ್ನೂ ಒಳ್ಳೆಯದು. ಬ್ಯಾಗ್ ಹೊಟ್ಟೆಯ ಮುಂದೆ. ಹೋಟೆಲ್ ಟೇಬಲ್ ಮೇಲೆ ಫೋನ್ ಇಟ್ಟು ಊಟ ಮಾಡುವುದು ಬೇಡ, ಕುರ್ಚಿಗೆ ಬ್ಯಾಗ್ ನೇತು ಹಾಕುವುದೂ ಬೇಡ.

ಹೊತ್ತು ಬಹಳ ಮುಖ್ಯ. ಲಾ ಕಾಂದೆಲಾರಿಯಾ ಅಂತ ಬೊಗೊಟಾದ ಹಳೇ ಪೇಟೆ ಇದೆ, ಹಗಲಲ್ಲಿ ಶಾಲೆ ಮಕ್ಕಳು, ಪ್ರವಾಸಿಗಳು, ಬಣ್ಣದ ಗೋಡೆಗಳು. ಸಂಜೆ ಅಂಗಡಿ ಬಾಗಿಲು ಬಿದ್ದರೆ ಅದೇ ಬೀದಿ ಬಿಕೋ ಅನ್ನುತ್ತದೆ. ಬಾಗಿಲು ಎಳೆಯುವ ಸದ್ದು ಶುರುವಾದರೆ ನೀವೂ ಹೊರಡಿ. ಉಳಿದುಕೊಳ್ಳುವುದಕ್ಕೆ ಚಾಪಿನೇರೊ, ಉಸಾಕೆನ್ ಕಡೆ ನೋಡಿ. ಮೊನ್ಸೆರಾತೆ ಬೆಟ್ಟಕ್ಕೆ ಕೇಬಲ್ ಕಾರಿನಲ್ಲೇ ಹೋಗಿ, ನಡೆಯುವ ದಾರಿಯಲ್ಲಿ ಸುಲಿಗೆ ಆಗಿರುವುದುಂಟು. ಭಾನುವಾರ ಬೆಳಗ್ಗೆ 7ರಿಂದ ಮಧ್ಯಾಹ್ನ 2ರವರೆಗೆ 120 ಕಿಲೋಮೀಟರಿಗೂ ಜಾಸ್ತಿ ರಸ್ತೆಗಳಲ್ಲಿ ವಾಹನ ನಿಲ್ಲಿಸಿ ಸೈಕಲ್‌ಗೆ, ನಡೆಯುವವರಿಗೆ ಬಿಡುತ್ತಾರೆ. 1974ರಿಂದ ನಡೆದು ಬಂದಿದೆ. ಊರು ನೋಡಲು ಅದಕ್ಕಿಂತ ಒಳ್ಳೆ ಹೊತ್ತಿಲ್ಲ.

ಮೆಡೆಯೀನ್‌ನಲ್ಲಿ ಎಲ್ಲರೂ ಹೋಗುವುದು ಕೊಮುನಾ 13ಕ್ಕೆ. 2002ರಲ್ಲಿ ಸೇನೆ ಹೆಲಿಕಾಪ್ಟರ್ ತಂದು ಕಾರ್ಯಾಚರಣೆ ಮಾಡಿದ ಗುಡ್ಡದ ಬಡಾವಣೆ ಅದು. ಆಗ ಕಾಣೆಯಾದವರನ್ನು ಪಕ್ಕದ ಮಣ್ಣಿನ ರಾಶಿಯಲ್ಲಿ ಹೂತಿದ್ದಾರೆ ಅಂತ ತಾಯಂದಿರು ಇಪ್ಪತ್ತು ವರ್ಷ ಹೇಳುತ್ತಲೇ ಬಂದರು. 2024ರ ಡಿಸೆಂಬರ್‌ನಲ್ಲಿ ಅಲ್ಲಿ ಮೂಳೆಗಳು ಸಿಕ್ಕವು. 2011ರಲ್ಲಿ ಗುಡ್ಡಕ್ಕೆ ಎಸ್ಕಲೇಟರ್ ಬಂತು, ಈಗ ಅಲ್ಲಿ ಹಾಡು, ಕುಣಿತ, ಗೋಡೆ ಚಿತ್ರ. ಅಲ್ಲೇ ಹುಟ್ಟಿ ಬೆಳೆದ ಗೈಡ್ ಜೊತೆ, ಹಗಲಲ್ಲಿ ಹೋಗಿ, ಎಸ್ಕಲೇಟರ್ ದಾರಿ ಬಿಟ್ಟು ಮೇಲಿನ ಓಣಿಗಳಿಗೆ ನುಗ್ಗಬೇಡಿ, ಮೆಟ್ರೋದಲ್ಲೇ ವಾಪಸ್ ಬನ್ನಿ. ಇನ್ನೊಂದು ಮಾತು. ಆ ಕಾಲದ ಡ್ರಗ್ಸ್ ದೊರೆ ಪಾಬ್ಲೊ ಎಸ್ಕೊಬಾರ್ ಹೆಸರು ಎತ್ತಿ ತಮಾಷೆ ಮಾಡಬೇಡಿ, ಅವನ ಚಿತ್ರದ ಟೀ ಶರ್ಟ್ ಕೊಳ್ಳಬೇಡಿ. ಅವನು ಇಡಿಸಿದ ಬಾಂಬಿನಲ್ಲಿ ಮನೆಯವರನ್ನು ಕಳಕೊಂಡವರು ನಿಮ್ಮ ಪಕ್ಕದಲ್ಲೇ ಕೂತಿರಬಹುದು. ಅವನಿದ್ದ ಕಟ್ಟಡವನ್ನು ಊರಿನವರು 2019ರಲ್ಲಿ ಕೆಡವಿ, ಸತ್ತವರ ನೆನಪಿಗೆ ಜಾಗ ಮಾಡಿದ್ದಾರೆ. ಅಲ್ಲಿಗೆ ಹೋಗಿ.

ಬೇರೆಯವರ ಕೈಯಿಂದ ಏನೂ ಕುಡಿಯಬೇಡಿ

ಇದು ಅಲ್ಲಿನ ವಿಶೇಷ ಅಪಾಯ, ನಮ್ಮ ಕಡೆ ಕೇಳಿರುವುದಿಲ್ಲ. ಸ್ಕೊಪೊಲಮಿನ್ ಅನ್ನುವ ಪುಡಿ, ವಾಸನೆ ಇಲ್ಲ, ಬಣ್ಣ ಇಲ್ಲ. ಅದು ಒಳಗೆ ಹೋದ ಮನುಷ್ಯ ಎಚ್ಚರವಾಗೇ ಇರುವಂತೆ ಕಾಣುತ್ತಾನೆ, ಹೇಳಿದ ಮಾತು ಕೇಳುತ್ತಾನೆ, ಪಿನ್ ಕೇಳಿದರೆ ಪಿನ್ ಹೇಳುತ್ತಾನೆ, ಮರುದಿನ ಏನೂ ನೆನಪಿರುವುದಿಲ್ಲ. ಪ್ರಮಾಣ ಜಾಸ್ತಿಯಾದರೆ ಪ್ರಾಣವೇ ಹೋಗುತ್ತದೆ. 2023ರ ನವೆಂಬರ್, ಡಿಸೆಂಬರ್ ಎರಡೇ ತಿಂಗಳಲ್ಲಿ ಮೆಡೆಯೀನ್‌ನಲ್ಲಿ ತಮ್ಮ 8 ನಾಗರಿಕರು ಅನುಮಾನಾಸ್ಪದವಾಗಿ ಸತ್ತರು ಅಂತ ಅಮೆರಿಕದ ರಾಯಭಾರ ಕಚೇರಿ ಎಚ್ಚರಿಕೆ ಹೊರಡಿಸಿತ್ತು. ಅದರಲ್ಲಿ ಕೆಲವು ಡೇಟಿಂಗ್ ಆಪ್‌ನಲ್ಲಿ ಪರಿಚಯವಾದವರಿಂದ ಆದದ್ದು.

ಅಂದಮೇಲೆ ಡೇಟಿಂಗ್ ಆಪ್ ಅಲ್ಲಿ ಬಿಟ್ಟೇಬಿಡಿ. ಯಾರನ್ನಾದರೂ ಭೇಟಿ ಆಗಲೇಬೇಕಿದ್ದರೆ ಹಗಲಲ್ಲಿ, ಜನ ಇರುವ ಕಡೆ. ರೂಮಿಗೆ ಕರೆಯಬೇಡಿ. ನಿಮ್ಮ ಲೋಟ ನಿಮ್ಮ ಕಣ್ಣೆದುರೇ ತುಂಬಿಸಿಕೊಳ್ಳಿ, ಎದ್ದು ಹೋಗಿ ಬಂದಿದ್ದರೆ ಅದನ್ನು ಬಿಟ್ಟು ಹೊಸದು ತಗೊಳ್ಳಿ. ಸಿಗರೇಟು, ಚೂಯಿಂಗ್ ಗಮ್, ಕೈಗೆ ತುರುಕುವ ಕಾಗದ, ಯಾವುದೂ ಬೇಡ. ಮಾದಕ ವಸ್ತು ಮಾರಲು ಬರುವವರಿಗೆ "ನೋ, ಗ್ರಾಸಿಯಾಸ್" ಅಂದು ನಡೆಯುತ್ತಾ ಇರಿ. ಯಾರದೇ ಪೊಟ್ಟಣವನ್ನು, ಎಷ್ಟೇ ಸಣ್ಣದಿರಲಿ, ನಿಮ್ಮ ಬ್ಯಾಗಿಗೆ ಸೇರಿಸಬೇಡಿ. ನಮ್ಮಲ್ಲಿ ಎನ್‌ಡಿಪಿಎಸ್ ಕಾಯ್ದೆಯಲ್ಲಿ ವ್ಯಾಪಾರದ ಪ್ರಮಾಣಕ್ಕೆ ಕನಿಷ್ಠ ಶಿಕ್ಷೆಯೇ 10 ವರ್ಷ.

ಊರಿಂದ ಊರಿಗೆ, ಮತ್ತು ಹೊಟ್ಟೆಗೆ

ದೂರದ ಊರಿಗೆ ರಾತ್ರಿ ಬಸ್ ಬೇಡ. ಬೊಗೊಟಾದಿಂದ ಮೆಡೆಯೀನ್‌ಗೆ ಬಸ್ಸಿನಲ್ಲಿ ಹತ್ತು ಗಂಟೆಯ ಘಾಟಿ ದಾರಿ, ವಿಮಾನದಲ್ಲಿ ಒಂದು ಗಂಟೆ. 2021ರ ಮುಷ್ಕರದಲ್ಲಿ ವಾರಗಟ್ಟಲೆ ರಸ್ತೆ ಬಂದ್ ಆಗಿತ್ತು, ಹಾಗಾಗಿ ಹೊರಡುವ ಹಿಂದಿನ ದಿನ ಹೋಟೆಲ್‌ನವರನ್ನು ದಾರಿ ಹೇಗಿದೆ ಅಂತ ಕೇಳಿ.

ಸಲೆಂಟೊ ಸೇರಿದರೆ ಎದೆ ಹಗುರಾಗುತ್ತದೆ. ಹಳೇ ಜೀಪಿನ ಹಿಂದೆ ನಿಂತು ಕೊಕೊರಾ ಕಣಿವೆಗೆ ಹೋದರೆ 60 ಮೀಟರ್‌ವರೆಗೆ ಬೆಳೆಯುವ ಮೇಣದ ತಾಳೆ ಮರಗಳು. ಕಾಫಿ ತೋಟದವರ ಜೊತೆ ಕೊಡಗಿನ, ಚಿಕ್ಕಮಗಳೂರಿನ ತೋಟದ ಫೋಟೊ ತೋರಿಸಿ ಮಾತಿಗೆ ಕೂತರೆ ಹೊತ್ತು ಹೋಗಿದ್ದೇ ತಿಳಿಯುವುದಿಲ್ಲ. ನಮ್ಮ ಗಿಡಗಳ ನಡುವೆ ಮೆಣಸಿನ ಬಳ್ಳಿ ನೋಡಿ ಅವರಿಗೆ ಆಶ್ಚರ್ಯ. ಆಗ ಕುಡಿಯಲು ಕೊಡುವುದು ಬೆಲ್ಲದ ನೀರಿಗೆ ನಿಂಬೆ ಹಿಂಡಿದ್ದು, ಥೇಟ್ ರಾಮನವಮಿ ಪಾನಕ, ಏಲಕ್ಕಿ ಒಂದು ಇಲ್ಲ. ಬೆಲ್ಲ ಮಾಡುವುದರಲ್ಲಿ ನಮ್ಮ ದೇಶ ಮೊದಲನೆಯದಾದರೆ ಅವರದು ಎರಡನೆಯದು.

ಸಸ್ಯಾಹಾರಿಗಳಿಗೆ ಒಂದು ಸೂಚನೆ. ಮಾಂಸ ಬೇಡ ಅಂದರೆ ಕೋಳಿ ಹಾಕಿ ಕೊಡುತ್ತಾರೆ. ಕೋಳಿ ಬೇಡ, ಮೀನು ಬೇಡ, ಮಾಂಸದ ಸಾರು ಬೇಡ ಅಂತ ಸ್ಪ್ಯಾನಿಷ್‌ನಲ್ಲಿ ಚೀಟಿ ಬರೆಸಿಟ್ಟುಕೊಳ್ಳಿ. ಮೆಕ್ಕೆಜೋಳದ ರೊಟ್ಟಿ, ಕರಿದ ಬಾಳೆಕಾಯಿ, ಅನ್ನ, ಕಾಳು, ಬೆಣ್ಣೆಹಣ್ಣು, ಇಷ್ಟರಲ್ಲಿ ಹೊಟ್ಟೆ ತುಂಬುತ್ತದೆ. ಉಪ್ಪಿನಕಾಯಿ ಮನೆಯಿಂದ ತಗೊಂಡು ಹೋಗಿ.

ಅಡ್ಡ ಹಾಕಿದರೆ

ಕೊಟ್ಟುಬಿಡಿ. ವಾದ ಬೇಡ, ಓಡುವುದು ಬೇಡ, ಕೂಗುವುದು ಬೇಡ, ಅವರ ಮುಖವನ್ನು ದಿಟ್ಟಿಸಿ ನೋಡುವುದೂ ಬೇಡ. ಕೈ ಕಾಣುವಂತೆ ಇಟ್ಟು ಆ ಸಣ್ಣ ಪರ್ಸು, ಫೋನು ಕೊಡಿ, ನಿಧಾನವಾಗಿ ನಡೆದು ಹತ್ತಿರದ ಅಂಗಡಿ ಒಳಗೆ ಹೋಗಿ. ಧೈರ್ಯ ತೋರಿಸುವ ಜಾಗ ಅದಲ್ಲ. ಸಮವಸ್ತ್ರ ಇಲ್ಲದೆ ಬಂದು ಪೊಲೀಸ್ ಅಂತ ಹೇಳಿ ದುಡ್ಡು ತೋರಿಸು ಅಂದರೆ, ಠಾಣೆಗೆ ಹೋಗೋಣ ಅನ್ನಿ, ಜನ ಇರುವ ಕಡೆ ನಡೆಯಿರಿ.

ಆಮೇಲಿನ ಕ್ರಮ ಇದು. ರೂಮಿಗೆ ಬಂದು ಹಳೇ ಫೋನ್ ತೆಗೆದು ಕಾರ್ಡ್ ಬ್ಲಾಕ್ ಮಾಡಿ. ಕಳುವಾದ ಫೋನನ್ನು ದೂರದಿಂದಲೇ ಅಳಿಸಿ, ಇಮೇಲ್ ಪಾಸ್‌ವರ್ಡ್ ಬದಲಿಸಿ. ಮನೆಗೆ ಒಂದು ಮೆಸೇಜ್. ನಂತರ ಪೊಲೀಸ್ ದೂರು, ಅದರ ಪ್ರತಿ ಇಲ್ಲದೆ ವಿಮೆ ಬರುವುದಿಲ್ಲ. ತುರ್ತಿಗೆ 123, ಅಪಹರಣ ಅಥವಾ ಬೆದರಿಸಿ ಹಣ ಕೇಳಿದರೆ 165. ಮತ್ತಿನ ಪುಡಿ ಹಾಕಿದ್ದಾರೆ ಅನ್ನಿಸಿದರೆ ಮೊದಲು ಆಸ್ಪತ್ರೆ, ಉಳಿದದ್ದೆಲ್ಲ ಆಮೇಲೆ. ಪಾಸ್‌ಪೋರ್ಟ್ ಹೋಗಿದ್ದರೆ ದೂರಿನ ಪ್ರತಿ, ಜೆರಾಕ್ಸ್, ಫೋಟೊ ಹಿಡಿದು ನಮ್ಮ ರಾಯಭಾರ ಕಚೇರಿಗೆ ಹೋಗಿ. ಭಾರತಕ್ಕೆ ವಾಪಸ್ ಬರಲು ತುರ್ತು ಪ್ರಮಾಣಪತ್ರ ಕೊಡುತ್ತಾರೆ. ಪಾಸ್‌ಪೋರ್ಟ್ ಅಳತೆಯ ಫೋಟೊ ನಾಲ್ಕು ಮೊದಲೇ ಇಟ್ಟುಕೊಂಡಿದ್ದರೆ ಅಂದು ಊರೆಲ್ಲ ಸ್ಟುಡಿಯೊ ಹುಡುಕುವುದು ತಪ್ಪುತ್ತದೆ.

ವಾಪಸ್ ಬರುವಾಗ

ಬ್ಯಾಗ್ ನೀವೇ ತುಂಬಿ, ನೀವೇ ಬೀಗ ಹಾಕಿ, ಚೆಕ್-ಇನ್‌ವರೆಗೆ ಕಣ್ಣಳತೆಯಲ್ಲೇ ಇರಲಿ. ಲಸಿಕೆ ಪುಸ್ತಕ ಕೈಚೀಲದಲ್ಲಿರಬೇಕು, ದೊಡ್ಡ ಬ್ಯಾಗಿನಲ್ಲಲ್ಲ. ಬೆಂಗಳೂರಿನಲ್ಲಿ ಇಮಿಗ್ರೇಷನ್‌ಗೆ ಮುಂಚೆಯೇ ಅದನ್ನು ಕೇಳಬಹುದು, ಆಗ ಬ್ಯಾಗ್ ಇನ್ನೂ ಬೆಲ್ಟಿಗೆ ಬಂದಿರುವುದಿಲ್ಲ. ಮನೆಗೆ ಬಂದ ದಿನವೇ ಕಾರ್ಡ್‌ನ ವಿದೇಶಿ ಬಳಕೆ ಆಫ್ ಮಾಡಿ, ಅಲ್ಲಿ ಬಳಸಿದ ಪಿನ್ ಬದಲಿಸಿ. ಮುಂದಿನ ಒಂದೆರಡು ತಿಂಗಳ ಸ್ಟೇಟ್‌ಮೆಂಟ್ ಸಾಲು ಸಾಲು ನೋಡಿ, ಪೆಸೊದಲ್ಲಿ ಗೊತ್ತಿಲ್ಲದ ಖರ್ಚು ಕಂಡರೆ ಅದೇ ದಿನ ಬ್ಯಾಂಕಿಗೆ ಬರೆದು ತಿಳಿಸಿ. ಎರಡು ವಾರದೊಳಗೆ ಜ್ವರ ಬಂದರೆ ಡಾಕ್ಟರ್‌ಗೆ ಕೊಲಂಬಿಯಾಗೆ ಹೋಗಿದ್ದೆ ಅಂತ ಮೊದಲ ಮಾತಿನಲ್ಲೇ ಹೇಳಿ.